ಮಿತ್ರಕೂಟದ ಮೇಜು: ಸೈಬರ್ ದಾಳಿಯ ಕಾರ್ಡ್ ಆಟ, ಮೂರನೇ ಆವೃತ್ತಿಯ ಪ್ರಗತಿ ಟಿಪ್ಪಣಿ

ಮೂರನೇ ಆವೃತ್ತಿಯ ಕಾರ್ಡುಗಳು ಅಚ್ಚಿಗೆ ಸಿದ್ಧವಾಗಿವೆ. ಒಟ್ಟು 90: ಸಾಕ್ಷ್ಯದ ಕಾರ್ಡು 36, ಪ್ರತಿಕ್ರಿಯೆಯವು 27, ದಾಳಿಯವು 18, ಘಟನೆಯವು 6, ಮೌನ ಮುರಿಯುವ ಕಾರ್ಡು 3. ಅಳತೆ 63 × 88 ಮಿ.ಮೀ. ಈ ಅಳತೆಯಲ್ಲಿ ಒಂದು ಎ4 ಹಾಳೆಗೆ ಒಂಬತ್ತು ಕಾರ್ಡು ಹಿಡಿಯುವುದರಿಂದ ಹತ್ತು ಹಾಳೆ ಸಾಕು. ಕಾಗದ 300 ಜಿಎಸ್‌ಎಂ ಇರಬೇಕು. ತೆಳುವಾದರೆ ಬೆಳಕಿಗೆ ಹಿಡಿದಾಗ ಗುಪ್ತಚರ ಕಾರ್ಡಿನ ಬರಹ ಹಿಂಬದಿಯಿಂದ ಕಾಣಿಸುತ್ತದೆ, ಆಗ ಆಡುವುದರಲ್ಲಿ ಅರ್ಥವೇ ಉಳಿಯುವುದಿಲ್ಲ.

ಹೊಸದಾಗಿ ಬಂದವರಿಗೆ ಎರಡು ಮಾತು. ನ್ಯಾಟೊ ಥರದ ಮಿಲಿಟರಿ ಮಿತ್ರಕೂಟದ ಒಂದು ಸದಸ್ಯ ದೇಶದ ಮೇಲೆ ಸೈಬರ್ ದಾಳಿ ಆಗುತ್ತದೆ; ಉಳಿದ ದೇಶಗಳು ಏನು ಮಾಡುತ್ತವೆ, ಎಷ್ಟು ಬೇಗ ಮಾಡುತ್ತವೆ ಎಂಬುದೇ ಆಟ. ಎಂಟು ಕುರ್ಚಿಗಳು: ದಾಳಿಗೊಳಗಾದ ದೇಶದ ಪ್ರಧಾನಿ, ಅದೇ ದೇಶದ ಸರ್ಟ್ ತಂಡ (ಸೈಬರ್ ತುರ್ತು ಸ್ಪಂದನಾ ತಂಡ), ಮೂರು ಮಿತ್ರ ರಾಜಧಾನಿಗಳು, ಮಿತ್ರಕೂಟದ ಮಹಾಕಾರ್ಯದರ್ಶಿ, ಸೈಬರ್ ಕಾರ್ಯಾಚರಣೆ ಕೇಂದ್ರ, ಮತ್ತು ಎದುರಾಳಿ. ಜೊತೆಗೆ ಒಬ್ಬ ನಿರ್ಣಾಯಕ. ಮೊದಲ ಆರು ಸುತ್ತು ತಲಾ 12 ಗಂಟೆಯ ಲೆಕ್ಕ, ಮೇಜಿನ ಮೇಲೆ ತಲಾ 20 ನಿಮಿಷ. ಏಳನೇ ಸುತ್ತು ಎರಡು ತಿಂಗಳ ನಂತರ, ಎಂಟನೆಯದು ಎಂಟು ತಿಂಗಳ ನಂತರ.

ಕೊನೆಯ ಎರಡು ಜಿಗಿತಗಳನ್ನು ನಡೆದ ಘಟನೆಗಳಿಂದಲೇ ತೆಗೆದುಕೊಂಡಿದ್ದೇವೆ. ನಾಟ್‌ಪೆಟ್ಯಾ ಎಂಬ ಡೇಟಾ ನಾಶದ ಮಾಲ್‌ವೇರ್ 2017ರ ಜೂನ್ 27ರಂದು ಹರಡಿತು. ಬ್ರಿಟನ್ ಮತ್ತು ಅಮೆರಿಕ ರಷ್ಯಾದ ಸೇನೆಯತ್ತ ಬೆರಳು ತೋರಿಸಿದ್ದು 2018ರ ಫೆಬ್ರುವರಿ 15ರಂದು, ಅಂದರೆ 233 ದಿನಕ್ಕೆ. ಅಲ್ಬೇನಿಯಾದ ಸರ್ಕಾರಿ ಸೇವೆಗಳ ಮೇಲೆ ದಾಳಿಯಾದದ್ದು 2022ರ ಜುಲೈ 15ರಂದು. ಅದು ಇರಾನನ್ನು ಹೆಸರಿಸಿ, ರಾಜತಾಂತ್ರಿಕ ಸಂಬಂಧ ಕಡಿದುಕೊಂಡು, ರಾಯಭಾರ ಕಚೇರಿಯವರಿಗೆ 24 ಗಂಟೆಯ ಗಡುವು ಕೊಟ್ಟದ್ದು ಸೆಪ್ಟೆಂಬರ್ 7ರಂದು, 54 ದಿನಕ್ಕೆ. ಅದೇ ವರ್ಷ ಫೆಬ್ರುವರಿ 24ರ ವಯಾಸ್ಯಾಟ್ ಉಪಗ್ರಹ ಜಾಲದ ದಾಳಿಗೆ ಯುರೋಪಿಯನ್ ಒಕ್ಕೂಟ, ಬ್ರಿಟನ್, ಅಮೆರಿಕ ಸೇರಿ ರಷ್ಯಾವನ್ನು ಹೊಣೆ ಮಾಡಿದ್ದು ಮೇ 10ರಂದು, 75 ದಿನಕ್ಕೆ. ಈ ದಿನಗಣನೆಯನ್ನು ಬಿಟ್ಟು ಆಟ ಕಟ್ಟಿದರೆ ಎಲ್ಲರೂ ಎರಡನೇ ಸುತ್ತಿಗೇ ಶತ್ರುವಿನ ಹೆಸರು ಹೇಳಿ ಕೈ ತೊಳೆದುಕೊಳ್ಳುತ್ತಾರೆ.

ಎದುರಾಳಿಗೆ ಸುಮ್ಮನಿರುವ ದಾರಿ

ಈ ಆವೃತ್ತಿಯ ಅತಿ ಮುಖ್ಯ ಬದಲಾವಣೆ ಇದೇ. ದಾಳಿ ತಡೆಯುವುದನ್ನು ಅಳೆಯಬೇಕಾದರೆ, ದಾಳಿ ಮಾಡದೇ ಇರುವ ಆಯ್ಕೆ ಎದುರಾಳಿಗೆ ಇರಲೇಬೇಕು, ಅದಕ್ಕೂ ಅಂಕ ಸಿಗಬೇಕು. ನಿಯಮವೇ ಅವನನ್ನು ದಾಳಿಗೆ ತಳ್ಳಿದರೆ ಆಟದಲ್ಲಿ ಉಳಿಯುವುದು ಬರೀ ಬೆಂಕಿ ಆರಿಸುವ ಕೆಲಸ. ಯಾವ ಸಿದ್ಧತೆಯಿಂದ ಅವನ ಕೈ ಹಿಂದೆ ಸರಿಯುತ್ತದೆ ಎಂಬ ಪ್ರಶ್ನೆ ಏಳುವುದೇ ಇಲ್ಲ.

ಈಗಿನ ಲೆಕ್ಕ ಹೀಗಿದೆ. ಎದುರಾಳಿಯ ಬಳಿ 12 ಅಂಕ. ಸುಳ್ಳು ಕೋರಿಕೆಗಳ ಪ್ರವಾಹದಿಂದ ಸೇವೆ ಮುಳುಗಿಸುವ ಡಿಡಿಒಎಸ್‌ಗೆ 1, ಕದ್ದ ಕಡತ ಸೋರಿಕೆಗೆ 2, ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ವೇಷದ ದಾಳಿಗೆ 3, ಡೇಟಾ ಅಳಿಸುವ ವೈಪರ್‌ಗೆ 4, ತಂತ್ರಾಂಶದ ಪೂರೈಕೆ ಸರಪಳಿ ಅಥವಾ ಉಪಗ್ರಹ ಜಾಲಕ್ಕೆ ತಲಾ 5. ಖರ್ಚು ಮಾಡದೆ ಉಳಿಸಿದ ಪ್ರತಿ ಅಂಕವೂ ಕೊನೆಗೆ ಒಂದು ಅಂಕವೇ. ದಾಳಿಗೊಳಗಾದ ಸೇವೆ ಆರನೇ ಸುತ್ತಿನವರೆಗೂ ಏಳದಿದ್ದರೆ ಖರ್ಚಿನ ಎರಡರಷ್ಟು ಗಳಿಕೆ, ಎರಡನೇ ಸುತ್ತಿನೊಳಗೆ ಎದ್ದು ನಿಂತರೆ ಅರ್ಧ, ಇವೆರಡರ ನಡುವೆ ಎದ್ದರೆ ಖರ್ಚಾದಷ್ಟೇ. ಮಿತ್ರಕೂಟ ಆರನೇ ಸುತ್ತಿನೊಳಗೆ ಒಮ್ಮತದಿಂದ ದಾಳಿಕೋರನನ್ನು ಹೆಸರಿಸಿದರೆ ಅವನಿಗೆ 4 ಅಂಕ ಕಡಿತ, ಏಳರಲ್ಲಾದರೆ 2, ಎಂಟರಲ್ಲಾದರೆ 1. ಪ್ರತಿ ನಿರ್ಬಂಧಕ್ಕೆ ಇನ್ನೊಂದು.

ವೈಪರ್ ಹಿಡಿದು ಲೆಕ್ಕ ಹಾಕಿ. ಸುಮ್ಮನಿದ್ದರೆ 4. ದಾಳಿ ಮಾಡಿ ಸೇವೆ ಮಲಗಿದರೆ 8. ಬೇಗ ಹೆಸರಿಸಿದರೆ 8ರಲ್ಲಿ 4 ಹೋಗಿ 4, ಅಂದರೆ ಸುಮ್ಮನಿದ್ದುದಕ್ಕೆ ಸಮ. ಒಂದು ನಿರ್ಬಂಧ ಸೇರಿದರೆ ಮಾತ್ರ ನಷ್ಟ. ಆದರೆ ಸೇವೆ ಒಂದೇ ದಿನದಲ್ಲಿ ಎದ್ದರೆ ಯಾರೂ ಏನೂ ಮಾಡದಿದ್ದರೂ ಅವನಿಗೆ ಸಿಗುವುದು 2. ಅಂಕಿಗಳು ನಮ್ಮ ತೀರ್ಮಾನ, ಬೇರೆಯವರು ತಿದ್ದಬಹುದು. ಆದರೆ ಆದ್ಯತೆಯ ಕ್ರಮ ಸರಿಯೆಂದೇ ನಮ್ಮ ನಂಬಿಕೆ: ಬೇಗ ಎದ್ದು ನಿಲ್ಲುವ ಶಕ್ತಿ ಮೊದಲು, ಬೇಗ ಒಟ್ಟಾಗಿ ಹೆಸರಿಸುವುದು ಎರಡನೆಯದು, ತಿರುಗೇಟು ಆಮೇಲೆ.

ಸಾಕ್ಷ್ಯ

36 ಕಾರ್ಡುಗಳಲ್ಲಿ ತಾಂತ್ರಿಕ ಸಾಕ್ಷ್ಯ 14, ಗುಪ್ತಚರ 9, ಬಹಿರಂಗ ಮೂಲ 7, ಖಾಸಗಿ ಭದ್ರತಾ ಕಂಪನಿಗಳ ವರದಿ 6. ತೂಕ ಒಂದರಿಂದ ಮೂರು. ಮೂರು ತೂಕದ ಕಾರ್ಡುಗಳೆಲ್ಲ ಗುಪ್ತಚರದವೇ, ಆದರೆ ಅವುಗಳನ್ನು ತೋರಿಸುವುದು ದುಬಾರಿ. ಮೇಜಿನ ಮೇಲೆ ಬಿಚ್ಚಿಟ್ಟ ರಾಜಧಾನಿ ಮುಂದಿನ ಎರಡು ಸುತ್ತು ಹೊಸ ಗುಪ್ತಚರ ಕಾರ್ಡು ಎಳೆಯುವಂತಿಲ್ಲ, ಏಕೆಂದರೆ ಮೂಲ ಬಯಲಾಗಿದೆ. ಒಬ್ಬರ ಕಿವಿಯಲ್ಲಿ ಹೇಳಿದರೆ ಆ ದಂಡವಿಲ್ಲ, ಆದರೆ ಅಂಕ ಆ ಒಬ್ಬರಿಗಷ್ಟೇ.

ಹೆಸರಿಸಲು ಪ್ರತಿ ರಾಜಧಾನಿಯ ಪಟ್ಟಿಯಲ್ಲೂ ಪ್ರತ್ಯೇಕವಾಗಿ 6 ಅಂಕ ಇರಬೇಕು. ಎಲ್ಲರ ಅಂಕ ಒಟ್ಟುಗೂಡಿಸುವಂತಿಲ್ಲ. ನ್ಯಾಟೊದಲ್ಲಿ ಮತದಾನವಿಲ್ಲ, 32 ದೇಶಗಳ ಒಮ್ಮತವೇ ತೀರ್ಮಾನ. ದಾಳಿಕೋರ ಯಾರೆಂದು ನಂಬುವುದು ಪ್ರತಿ ದೇಶದ ಸ್ವಂತ ನಿರ್ಧಾರ.

ದಾಳಿಗೊಳಗಾದ ದೇಶ ಆಟಕ್ಕೆ ಮೊದಲೇ ಒಂದು ಬಿಲ್ಲೆ ಆರಿಸುತ್ತದೆ: ಲಾಗ್ (ಯಂತ್ರಗಳ ಚಟುವಟಿಕೆಯ ದಾಖಲೆ) ಎಷ್ಟು ದಿನ ಉಳಿಸಿದ್ದೇವೆ, 30, 90 ಅಥವಾ 450. ದೊಡ್ಡದು ಆರಿಸಿದರೆ ಬಜೆಟ್ ಕರಗುತ್ತದೆ. ಆದರೆ ಅಲ್ಬೇನಿಯಾದಲ್ಲಿ ದಾಳಿಕೋರರು ಕದ ಮುರಿಯುವ ಸುಮಾರು 14 ತಿಂಗಳ ಮೊದಲೇ ಒಳಗಿದ್ದರು. ಇಂಟರ್‌ನೆಟ್‌ಗೆ ತೆರೆದುಕೊಂಡಿದ್ದ ಶೇರ್‌ಪಾಯಿಂಟ್ ಸರ್ವರ್‌ನಲ್ಲಿನ, 2019ರಲ್ಲೇ ಗೊತ್ತಾಗಿದ್ದ ಒಂದು ದೋಷದ ಮೂಲಕ ನುಗ್ಗಿದ್ದರು. 90 ದಿನದ ಲಾಗ್ ಇದ್ದರೆ ಮೊದಲ ಪ್ರವೇಶದ ಕುರುಹು ಅಳಿಸಿಹೋಗಿರುತ್ತದೆ. ಅದಕ್ಕೇ ನಾಲ್ಕು ತಾಂತ್ರಿಕ ಕಾರ್ಡುಗಳ ಮೂಲೆಯಲ್ಲಿ ‘450’ ಎಂದಿದೆ, ಚಿಕ್ಕ ಬಿಲ್ಲೆಯವರಿಗೆ ಅವು ಸಿಗುವುದಿಲ್ಲ. ಮಿತ್ರಕೂಟದ ಒಗ್ಗಟ್ಟು ಎಷ್ಟೋ ಸಲ ನಿಂತಿರುವುದು ಸರ್ವರ್ ಕೋಣೆಯ ಡಿಸ್ಕಿನ ಗಾತ್ರದ ಮೇಲೆ. ಇದನ್ನು ರಾಜತಾಂತ್ರಿಕರೂ ಅರಿಯಬೇಕೆಂಬುದು ನಮ್ಮ ಆಸೆ.

ದಾಳಿ ಬೇರೊಬ್ಬರದ್ದೆಂದು ತೋರಿಸುವ ಸುಳ್ಳು ಗುರುತಿನ ಕಾರ್ಡು ಎರಡೇ ಎರಡು, ತಲಾ 2 ಅಂಕದ ಹೆಚ್ಚುವರಿ ಖರ್ಚು. ಮಾದರಿ 2018ರ ಫೆಬ್ರುವರಿಯ ಪ್ಯೋಂಗ್‌ಚಾಂಗ್ ಚಳಿಗಾಲದ ಒಲಿಂಪಿಕ್ಸ್. ಅಲ್ಲಿ ಬಳಸಿದ ಮಾಲ್‌ವೇರ್ ಉತ್ತರ ಕೊರಿಯಾದ ಕೈವಾಡದಂತೆ ಕಾಣಲೆಂದು ಕಡತದ ಹೆಡರ್ ಅನ್ನೇ ತಿದ್ದಿದ್ದರು. ಅಮೆರಿಕ 2020ರ ಅಕ್ಟೋಬರಿನಲ್ಲಿ ಆರೋಪಪಟ್ಟಿ ಹಾಕಿದ್ದು ರಷ್ಯಾದ ಸೇನಾ ಗುಪ್ತಚರ ಅಧಿಕಾರಿಗಳ ಮೇಲೆ. ಎರಡಕ್ಕಿಂತ ಹೆಚ್ಚು ಇಟ್ಟರೆ ಯಾರೂ ಯಾವ ಸಾಕ್ಷ್ಯವನ್ನೂ ನಂಬದೆ ಆಟ ಕಲ್ಲಾಗುತ್ತದೆ.

ಮೌನ ವಿಧಾನ

ನ್ಯಾಟೊದ ನಿಜ ರೂಢಿಯಿದು. ಕರಡು ಹೇಳಿಕೆ ಹಂಚಿ ಗಡುವು ಇಡುತ್ತಾರೆ, ಗಡುವಿನೊಳಗೆ ಯಾರೂ ಆಕ್ಷೇಪಿಸದಿದ್ದರೆ ಅಂಗೀಕಾರವಾದಂತೆ. ಮೇಜಿನ ಮೇಲೆ ಮಹಾಕಾರ್ಯದರ್ಶಿ ಒಂದು ಚೀಟಿಯಲ್ಲಿ ಹೇಳಿಕೆ ಬರೆದು ಐದು ನಿಮಿಷದ ಮರಳು ಗಡಿಯಾರ ತಿರುಗಿಸುತ್ತಾರೆ. ಯಾವುದೇ ರಾಜಧಾನಿ ತನ್ನ ಬಳಿಯ ಏಕೈಕ ಮೌನ ಮುರಿಯುವ ಕಾರ್ಡನ್ನು ಹಾಕಬಹುದು, ಕಾರಣ ಕೊಡಬೇಕಿಲ್ಲ. ಹಾಕಿದ ಮೇಲೆ ಆ ಕಾರ್ಡು ಮುಂದಿನ ಸುತ್ತಿಗೆ ಮರಳಿ ಕೈ ಸೇರುತ್ತದೆ. ಹೇಳಿಕೆಯಲ್ಲಿ ‘ಖಂಡಿಸುತ್ತೇವೆ’ ಎಂದಷ್ಟೇ ಇದ್ದರೆ ಸಲೀಸಾಗಿ ಸಾಗುತ್ತದೆ. ದೇಶದ ಹೆಸರು ಬಂದ ಕೂಡಲೇ ಮೂರನೇ ರಾಜಧಾನಿ, ಅಂದರೆ ಎದುರಾಳಿಯ ಅನಿಲದ ಮೇಲೆ ಬದುಕುವ ದೇಶ, ಕಾರ್ಡು ಎತ್ತುತ್ತದೆ. ಅದನ್ನು ಒಲಿಸಲು ಇರುವ ದಾರಿ ಆರು ಅಂಕದ ಸಾಕ್ಷ್ಯವೊಂದೇ ಅಲ್ಲ. ಅನಿಲದ ಪರ್ಯಾಯ ಪೂರೈಕೆಯ ಭರವಸೆಯೂ ಇದೆ. ಅದನ್ನು ಘಟನೆ ಕಾರ್ಡುಗಳಲ್ಲಿ ಸೇರಿಸಿದ್ದೇವೆ.

ಪ್ರತಿಕ್ರಿಯೆ: ಯಾರ ಕೈಯಲ್ಲಿ ಏನಿದೆ

ಇಲ್ಲೇ ಹೆಚ್ಚು ಜನ ಎಡವುವುದು. 27 ಕಾರ್ಡುಗಳಲ್ಲಿ ಮಿತ್ರಕೂಟದ ಒಟ್ಟು ಕೈಗೆ ಸಿಗುವುದು ಐದೇ: ಜಂಟಿ ಹೇಳಿಕೆ, ನ್ಯಾಟೊ ಒಪ್ಪಂದದ 4ನೇ ವಿಧಿಯ ಸಮಾಲೋಚನೆ, ತಾಂತ್ರಿಕ ನೆರವಿನ ತಂಡ, ಸ್ವಯಂಪ್ರೇರಿತ ಸೈಬರ್ ಪ್ರಹಾರದ ಕೋರಿಕೆ, ಒಬ್ಬರ ಮೇಲಿನ ಸಶಸ್ತ್ರ ದಾಳಿ ಎಲ್ಲರ ಮೇಲಿನ ದಾಳಿ ಎನ್ನುವ 5ನೇ ವಿಧಿ. ಮೂರು ರಾಜಧಾನಿಗಳಿಗೆ ತಲಾ ಆರು, ದಾಳಿಗೊಳಗಾದ ದೇಶಕ್ಕೆ ನಾಲ್ಕು. ನಿರ್ಬಂಧ, ರಾಜತಾಂತ್ರಿಕರ ಉಚ್ಚಾಟನೆ, ಆರೋಪಪಟ್ಟಿ ಇವೆಲ್ಲ ರಾಜಧಾನಿಗಳ ಕೈಯಲ್ಲೇ. ಆರ್ಥಿಕ ನಿರ್ಬಂಧ ಹೇರುವುದು ದೇಶಗಳು ಮತ್ತು ಯುರೋಪಿಯನ್ ಒಕ್ಕೂಟ. ಒಕ್ಕೂಟ ಸೈಬರ್ ದಾಳಿಗಾಗಿ ಮೊದಲ ಬಾರಿ ಹೆಸರುಗಳನ್ನು ಪಟ್ಟಿ ಮಾಡಿದ್ದು 2020ರ ಜುಲೈ 30ರಂದು.

ದಾಳಿಗೆ ಪ್ರತಿದಾಳಿಯ ಸಾಮರ್ಥ್ಯವೂ ಮಿತ್ರಕೂಟದ್ದಲ್ಲ. 2018ರ ಬ್ರಸೆಲ್ಸ್ ಶೃಂಗಸಭೆಯ ಹೊತ್ತಿಗೆ ರೂಪುಗೊಂಡ ವ್ಯವಸ್ಥೆಯಲ್ಲಿ ಸದಸ್ಯ ದೇಶ ತಾನಾಗಿ ಮುಂದೆ ಬಂದು ಪರಿಣಾಮವನ್ನು ಒದಗಿಸುತ್ತದೆ. ಅಸ್ತ್ರ, ಅದರ ನಿಯಂತ್ರಣ, ಗುಟ್ಟು ಎಲ್ಲ ಆ ದೇಶದಲ್ಲೇ ಉಳಿಯುತ್ತದೆ. ಬೆಲ್ಜಿಯಂನ ಮೋನ್ಸ್‌ನಲ್ಲಿರುವ ಕಾರ್ಯಾಚರಣೆ ಕೇಂದ್ರ ಕೇಳಬಹುದು, ಹೊಂದಿಸಬಹುದು, ಆಜ್ಞಾಪಿಸಲಾರದು. ಆಟದಲ್ಲಿ ಈ ಕಾರ್ಡಿಗೆ ಎರಡು ಬೆಲೆ. ಒಮ್ಮೆ ಬಳಸಿದರೆ ಹರಿದು ಪೆಟ್ಟಿಗೆಗೆ ಹಾಕಬೇಕು, ಏಕೆಂದರೆ ಎದುರಾಳಿ ಆ ಬಿರುಕನ್ನು ಮುಚ್ಚುತ್ತಾನೆ. ಜೊತೆಗೆ ದಾಳ ಎಸೆದು 1 ಅಥವಾ 2 ಬಿದ್ದರೆ, ಅದೇ ಸರ್ವರ್‌ನಲ್ಲಿ ಕೂತು ಕಿವಿಗೊಟ್ಟಿದ್ದ ಇನ್ನೊಂದು ಮಿತ್ರ ದೇಶದ ಗುಪ್ತಚರ ಕಾರ್ಡೂ ಸುಟ್ಟುಹೋಗುತ್ತದೆ.

5ನೇ ವಿಧಿಯ ಕಾರ್ಡಿಗೆ ಯಾವ ಅಂಕದ ಮಿತಿಯನ್ನೂ ಬರೆದಿಲ್ಲ, ಬೇಕೆಂದೇ. 2014ರ ವೇಲ್ಸ್ ಶೃಂಗಸಭೆ ಸೈಬರ್ ದಾಳಿಯೂ ಈ ವಿಧಿಗೆ ಎಡೆ ಕೊಡಬಹುದು, ಪ್ರಕರಣ ನೋಡಿ ತೀರ್ಮಾನಿಸುತ್ತೇವೆ ಎಂದಿತು. 2016ರಲ್ಲಿ ವಾರ್ಸಾದಲ್ಲಿ ನೆಲ, ಜಲ, ಆಕಾಶದಂತೆ ಸೈಬರ್ ಲೋಕವೂ ಕಾರ್ಯಾಚರಣೆಯ ಕ್ಷೇತ್ರವಾಯಿತು. 2021ರಲ್ಲಿ ಬ್ರಸೆಲ್ಸ್‌ನಲ್ಲಿ ಇನ್ನೊಂದು ಹೆಜ್ಜೆ: ಸಣ್ಣ ದಾಳಿಗಳು ಕೂಡಿ ಕೂಡಿ ಕೆಲವು ಸಂದರ್ಭಗಳಲ್ಲಿ ಸಶಸ್ತ್ರ ದಾಳಿಗೆ ಸಮವಾಗಬಹುದು. ಗೆರೆ ಎಳೆದರೆ ಎದುರಾಳಿ ಗೆರೆಗೆ ಒಂದಂಗುಲ ಈಚೆ ನಿಲ್ಲುತ್ತಾನೆ. 2021ರ ಮಾತಿಗಾಗಿ ಹಲಗೆಯ ಅಂಚಿನಲ್ಲಿ ಮನೆಗಳ ಪಟ್ಟಿ ಸೇರಿಸಿದ್ದೇವೆ, ಪ್ರತಿ ದಾಳಿಯ ಖರ್ಚಿನಷ್ಟು ಮನೆ ಮುಂದೆ. ಅದು ತುಂಬಿದರೆ ತಾನಾಗಿ ಏನೂ ಆಗುವುದಿಲ್ಲ, ವಾದಕ್ಕೆ ಬಲ ಬರುತ್ತದೆ ಅಷ್ಟೆ.

ಕಾರ್ಡು ಅಂಗೀಕಾರವಾದರೂ ಯುದ್ಧ ಶುರುವಾಗುವುದಿಲ್ಲ. ವಿಧಿಯ ಪ್ರಕಾರ ಪ್ರತಿ ದೇಶವೂ ತನಗೆ ಅಗತ್ಯವೆನಿಸಿದ ಕ್ರಮ ಕೈಗೊಳ್ಳುತ್ತದೆ. ಆದ್ದರಿಂದ ಮೂರೂ ರಾಜಧಾನಿಗಳು ತಾವು ಕೊಡುವುದನ್ನು ಚೀಟಿಯಲ್ಲಿ ಬರೆದು ಒಟ್ಟಿಗೆ ಬಿಚ್ಚಬೇಕು. ಈ ವಿಧಿ ಇದುವರೆಗೆ ಜಾರಿಯಾದದ್ದು ಒಮ್ಮೆ, 2001ರ ಸೆಪ್ಟೆಂಬರ್ 11ರ ದಾಳಿಯ ನಂತರ. ಅಲ್ಬೇನಿಯಾ ಅದನ್ನು ಯೋಚಿಸಿ ಕೈಬಿಟ್ಟಿತು.

ಮರುಸ್ಥಾಪನೆ ಮತ್ತು ಸಾಕ್ಷ್ಯದ ಜಗ್ಗಾಟ

ಸರ್ಟ್ ಕುರ್ಚಿಯವರು ಪ್ರತಿ ಸುತ್ತಿಗೆ ಮೂರು ಕೆಲಸ ಮಾಡಬಹುದು. ಕ್ರಮ ತಪ್ಪಿದರೆ ಸಾಕ್ಷ್ಯ ಹೋಗುತ್ತದೆ. ಯಂತ್ರವನ್ನು ಜಾಲದಿಂದ ಬಿಡಿಸುವುದು, ಆದರೆ ಪವರ್ ಆಫ್ ಮಾಡದಿರುವುದು. ಆಮೇಲೆ ರ‍್ಯಾಮ್‌ನ ಪ್ರತಿ. ನಂತರ ಡಿಸ್ಕಿಗೆ ಏನೂ ಬರೆಯದಂತೆ ತಡೆಯುವ ರೈಟ್ ಬ್ಲಾಕರ್ ಇಟ್ಟು ಡಿಸ್ಕಿನ ಪ್ರತಿ, ಅದಕ್ಕೆ ಎಸ್‌ಎಚ್‌ಎ-256 ಹ್ಯಾಶ್, ಅಂದರೆ ಪ್ರತಿ ಬದಲಾಗಿಲ್ಲವೆಂದು ತೋರಿಸುವ ಗುರುತು. ಆಮೇಲಷ್ಟೇ ಹೊಸದಾಗಿ ಕಟ್ಟುವುದು. ನೇರ ಮರುಸ್ಥಾಪನೆಗೆ ಹಾರಿದರೆ ಸೇವೆ ಒಂದು ಸುತ್ತು ಬೇಗ ಏಳುತ್ತದೆ, ಬದಲಿಗೆ ಎರಡು ತಾಂತ್ರಿಕ ಕಾರ್ಡು ಕಸದ ಬುಟ್ಟಿಗೆ. ಪ್ರಧಾನಿ ಅವಸರ ಮಾಡುತ್ತಾರೆ, ಸೈಬರ್ ಕೇಂದ್ರ ಸಾಕ್ಷ್ಯ ಕೇಳುತ್ತದೆ. ಇಡೀ ಆಟದಲ್ಲಿ ಇದಕ್ಕಿಂತ ಕಠಿಣ ಆಯ್ಕೆ ಇನ್ನೊಂದಿಲ್ಲ.

ಆ್ಯಕ್ಟಿವ್ ಡೈರೆಕ್ಟರಿ (ಸಂಸ್ಥೆಯ ಬಳಕೆದಾರರ ಖಾತೆಗಳ ವ್ಯವಸ್ಥೆ) ಒಡೆದಿದ್ದರೆ, ಲಾಗಿನ್ ಟಿಕೆಟ್‌ಗಳಿಗೆ ಸಹಿ ಹಾಕುವ ಕೆಆರ್‌ಬಿಟಿಜಿಟಿ ಖಾತೆಯ ಪಾಸ್‌ವರ್ಡನ್ನು ಎರಡು ಸಲ ಬದಲಿಸಬೇಕು, ನಡುವೆ ಕನಿಷ್ಠ 10 ಗಂಟೆ ಬಿಟ್ಟು. ವ್ಯವಸ್ಥೆ ಹಿಂದಿನ ಪಾಸ್‌ವರ್ಡನ್ನೂ ನೆನಪಿಡುವುದರಿಂದ ಒಂದೇ ಸಲ ಬದಲಿಸಿದರೆ ಕದ್ದ ಕೀಲಿಯಿಂದ ಮಾಡಿದ ಟಿಕೆಟ್ ನಡೆಯುತ್ತಲೇ ಇರುತ್ತದೆ. 10 ಗಂಟೆ ಟಿಕೆಟ್‌ನ ಸಾಮಾನ್ಯ ಆಯಸ್ಸು. ನಮ್ಮ ಸುತ್ತು 12 ಗಂಟೆಯದಾದ್ದರಿಂದ ಇದು ಎರಡು ಸುತ್ತಿನ ಕೆಲಸ. ಬಿಟ್ಟರೆ ಎದುರಾಳಿಗೆ ಮರುಪ್ರವೇಶ ಉಚಿತ.

ಹೆಸರಿಸಿದ ತಕ್ಷಣ ಎರಡನೇ ಏಟು ಬೀಳಬಹುದೆಂಬ ನಿಯಮವನ್ನೂ ಸೇರಿಸಿದ್ದೇವೆ. ಅಲ್ಬೇನಿಯಾ ಸಂಬಂಧ ಕಡಿದುಕೊಂಡ ಎರಡೇ ದಿನಕ್ಕೆ ಅದರ ಗಡಿ ತಪಾಸಣೆಯ ಕಂಪ್ಯೂಟರ್ ವ್ಯವಸ್ಥೆ ಕುಸಿಯಿತು. ಹಾಗಾಗಿ ಹೆಸರಿಸುವ ಮೊದಲು ಮರುಸ್ಥಾಪನೆ ಮುಗಿದಿರಬೇಕೆಂಬುದು ನಮ್ಮ ಸಲಹೆ.

ಸನ್ನಿವೇಶಗಳು

ಎಸ್ಟೋನಿಯಾ, 2007. ಕಲಿಯುವವರಿಗೆ ಇದೇ ಮೊದಲು. ಟ್ಯಾಲಿನ್‌ನ ಸೋವಿಯತ್ ಸೈನಿಕನ ಕಂಚಿನ ಪ್ರತಿಮೆ ಸ್ಥಳಾಂತರದ ಬೆನ್ನಿಗೆ ಏಪ್ರಿಲ್ ಕೊನೆಯಲ್ಲಿ ಶುರುವಾಗಿ ಮೂರು ವಾರ ನಡೆದ ಡಿಡಿಒಎಸ್. ಸಂಸತ್ತು, ಬ್ಯಾಂಕು, ಪತ್ರಿಕೆ ಎಲ್ಲ ಗುರಿ. ಅಳೆದ ದೊಡ್ಡ ದಾಳಿಗಳ ವೇಗ ಸುಮಾರು 90 ಎಂಬಿಪಿಎಸ್, ಇಂದು ಬೆಂಗಳೂರಿನ ಒಂದು ಮನೆಯ ಫೈಬರ್ ಸಂಪರ್ಕದಷ್ಟು. ಅಂದಿಗೆ ಅದು ಸಾಲುವಷ್ಟಿತ್ತು. ಮರುವರ್ಷವೇ ಟ್ಯಾಲಿನ್‌ನಲ್ಲಿ ಸೈಬರ್ ರಕ್ಷಣಾ ಕೇಂದ್ರ ಸ್ಥಾಪನೆಯಾಯಿತು. ಅದು 2010ರಿಂದ ನಡೆಸುವ ಲಾಕ್ಡ್ ಶೀಲ್ಡ್ಸ್ ಸಮರಾಭ್ಯಾಸದಲ್ಲಿ ತಾಂತ್ರಿಕ ತಂಡದ ಜೊತೆ ಕಾನೂನು, ಮಾಧ್ಯಮ ತಂಡಗಳೂ ಇರುತ್ತವೆ.

ವಯಾಸ್ಯಾಟ್ ಸನ್ನಿವೇಶ ಅನುಭವಿಗಳಿಗೆ. ಗುರಿ ಉಕ್ರೇನ್, ಅದು ಸದಸ್ಯ ದೇಶವಲ್ಲ. ಮೋಡೆಮ್‌ಗಳ ಮೆಮೊರಿ ಅಳಿಸಿದ ಏಟು ಜರ್ಮನಿಗೂ ತಟ್ಟಿ 5,800 ಗಾಳಿಯಂತ್ರಗಳ ದೂರ ನಿಯಂತ್ರಣ ಕಡಿದುಹೋಯಿತು. ಯಂತ್ರಗಳು ತಿರುಗುತ್ತಲೇ ಇದ್ದವು, ದೂರದಿಂದ ನೋಡಲು ಮಾತ್ರ ಆಗಲಿಲ್ಲ. ಇದು ಜರ್ಮನಿಯ ಮೇಲಿನ ದಾಳಿಯೋ, ಸಿಡಿದ ಕಿಡಿಯೋ? ನಿರ್ಣಾಯಕರು ಉತ್ತರ ಕೊಡಬಾರದು, ರಾಜಧಾನಿಗಳೇ ವಾದಿಸಲಿ.

ಬಾಕಿ ಕೆಲಸ

ದ್ವಿಪಕ್ಷೀಯ ಒಪ್ಪಂದಗಳ ವಿಸ್ತರಣೆ ಅರ್ಧದಲ್ಲಿದೆ. ಅಮೆರಿಕ ಮತ್ತು ಆಸ್ಟ್ರೇಲಿಯಾ 2011ರಲ್ಲಿ, ಅಮೆರಿಕ ಮತ್ತು ಜಪಾನ್ 2019ರ ಏಪ್ರಿಲಿನಲ್ಲಿ ತಮ್ಮ ರಕ್ಷಣಾ ಒಪ್ಪಂದದ ಮಾತು ಸೈಬರ್ ದಾಳಿಗೂ ಅನ್ವಯಿಸಬಹುದೆಂದು ಹೇಳಿವೆ. ಅಮೆರಿಕ ಮತ್ತು ಫಿಲಿಪೀನ್ಸ್ 2023ರ ಮೇ ತಿಂಗಳಲ್ಲಿ ಬೆದರಿಕೆ ಸೈಬರ್ ಲೋಕದಲ್ಲೂ ಏಳಬಹುದೆಂದು ತಮ್ಮ ರಕ್ಷಣಾ ಮಾರ್ಗಸೂಚಿಯಲ್ಲಿ ಹೇಳಿವೆ. ಎರಡೇ ರಾಜಧಾನಿ ಇರುವುದರಿಂದ ಮೌನ ವಿಧಾನ ಬೇಕಿಲ್ಲ. ಆದರೆ ಸಾಕ್ಷ್ಯ ಹೆಚ್ಚಾಗಿ ದೊಡ್ಡ ದೇಶದ ಬಳಿ, ಗಾಯ ಚಿಕ್ಕ ದೇಶದ ಮೈಮೇಲೆ. ಈ ಅಸಮತೋಲನಕ್ಕೆ ಅಂಕದ ನಿಯಮ ಇನ್ನೂ ಹೊಂದಿಲ್ಲ. ಜಪಾನ್ ಸನ್ನಿವೇಶಕ್ಕೆ 2023ರ ಜುಲೈನಲ್ಲಿ ರ‍್ಯಾನ್ಸಮ್‌ವೇರ್‌ನಿಂದ ಕಂಟೇನರ್ ಕೆಲಸ ನಿಂತ ನಗೋಯಾ ಬಂದರನ್ನು ಆಧಾರ ಮಾಡಿಕೊಳ್ಳುತ್ತಿದ್ದೇವೆ. ಅಪರಾಧಿ ಗುಂಪಿನ ದಾಳಿಗೆ ಮಿತ್ರ ದೇಶದ ಸೇನೆ ಏನು ಮಾಡಬೇಕು ಎಂಬುದಕ್ಕೆ ಹೊಸ ಕಾರ್ಡು ಬೇಕು. ಇನ್ನೊಂದು ಹಾಳೆ, ಒಂಬತ್ತು ಕಾರ್ಡು, ಸಾಕಾಗಬಹುದು.