ಅತ್ತೆಯ ಹಾಡುಗಳು ಯೂನಿಕೋಡ್‌ಗೆ: ಮಳೆಗಾಲದ ಕೆಲಸದ ಟಿಪ್ಪಣಿ

ಜೂನ್ 22, 2025

ಶಿರಸಿ ಪೇಟೆಯಿಂದ 240 ಜಿಬಿಯ ಎಸ್‌ಎಸ್‌ಡಿ (ಕಡತ ಉಳಿಸುವ ವೇಗದ ಡಿಸ್ಕ್) ತಂದೆ. ಅತ್ತೆಯ ಮನೆಯ ಕಂಪ್ಯೂಟರ್ 2012ರದು, 4 ಜಿಬಿ ರ‍್ಯಾಮ್. ಅದರಲ್ಲಿರುವ ವಿಂಡೋಸ್ 7ಕ್ಕೆ 2020ರ ಜನವರಿ 14ರಂದೇ ಬೆಂಬಲ ನಿಂತಿದೆ. ವಿಂಡೋಸ್ 10 ಹಾಕಿದರೂ 2025ರ ಅಕ್ಟೋಬರ್ 14ಕ್ಕೆ ಅದರ ಗಡುವೂ ಮುಗಿಯುವುದಿತ್ತು. ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇದರಲ್ಲಿಲ್ಲ. ರಿಪೇರಿಯವರು ಗುಜರಿಗೆ ಕೊಡಿ ಎಂದರು. ಕೊಡಲು ಮನಸ್ಸು ಬರಲಿಲ್ಲ. ಅದರೊಳಗೆ ಅತ್ತೆ 2004ರಿಂದ ಟೈಪ್ ಮಾಡಿಟ್ಟ ಸಂಪ್ರದಾಯದ ಹಾಡುಗಳಿವೆ: ಹಸೆಗೆ ಕರೆಯುವ ಹಾಡು, ಎಣ್ಣೆ ಹಚ್ಚುವ ಹಾಡು, ಆರತಿ ಹಾಡು. ಒಟ್ಟು 214 ಕಡತಗಳು. ಅವನ್ನು ಯಾವ ಯಂತ್ರದಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡ್ ಪದ್ಧತಿಗೆ ತರಬೇಕು. ಹಾಡಿಕೊಟ್ಟ ಅಜ್ಜಿಯರಲ್ಲಿ ಈಗ ಇಬ್ಬರು ಮಾತ್ರ ಉಳಿದಿದ್ದಾರೆ.

ಮೊದಲು ಎಲ್ಲವನ್ನೂ ಎರಡು ಪೆನ್‌ಡ್ರೈವ್‌ಗೆ ನಕಲು ಮಾಡಿ, ಒಂದನ್ನು ನನ್ನ ಮನೆಗೆ ತಂದಿಟ್ಟೆ.

ಜುಲೈ 6

ಮಳೆ ಬಿಟ್ಟೇ ಇಲ್ಲ. ಕಂಪ್ಯೂಟರ್ ಚಾಲೂ ಆಗಲಿಲ್ಲ. ಬರೀ ಬೀಪ್ ಸದ್ದು. ತೆರೆದು ನೋಡಿದರೆ ರ‍್ಯಾಮಿನ ಹೊಂಬಣ್ಣದ ಅಂಚು ತೇವಕ್ಕೆ ಮಂಕಾಗಿತ್ತು. ಶಾಲೆಯ ಮಕ್ಕಳ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಒಣ ಬಟ್ಟೆಯಲ್ಲಿ ಒರೆಸಿ ಹಾಕಿದೆ, ಸರಿಯಾಯಿತು. ವಿಂಡೋಸ್ ಬದಲು ಲಿನಕ್ಸ್ ಮಿಂಟ್ 22 ಎಂಬ ಉಚಿತ ಕಾರ್ಯಾಚರಣಾ ವ್ಯವಸ್ಥೆಯ ಎಕ್ಸ್‌ಎಫ್‌ಸಿಇ ಆವೃತ್ತಿಯನ್ನು ಅನುಸ್ಥಾಪಿಸಿದೆ. ಹಳೆಯ ಯಂತ್ರಕ್ಕೆ ಅದು ಹಗುರ, 2029ರವರೆಗೆ ಭದ್ರತಾ ಪರಿಷ್ಕರಣೆಯೂ ಸಿಗುತ್ತದೆ. ಬರಹಕ್ಕೆ, ಪಟ್ಟಿಗಳಿಗೆ ಬೇಕಾದ ಲಿಬ್ರೆಆಫೀಸ್ ತಂತ್ರಾಂಶ ಅದರ ಜೊತೆಗೇ ಬರುತ್ತದೆ.

ಅತ್ತೆಗೆ ಕಳವಳವಿದ್ದದ್ದು ಕೀಲಿಮಣೆಯ ಬಗ್ಗೆ. ಇಪ್ಪತ್ತು ವರ್ಷ ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಪಳಗಿದ ಬೆರಳುಗಳು. ಸೆಟ್ಟಿಂಗ್ಸ್‌ನಲ್ಲಿ ನುಡಿಯಲ್ಲಿರುವಂಥದೇ ಕನ್ನಡದ ಕಗಪ ಕೀಲಿ ವಿನ್ಯಾಸವನ್ನು ಸೇರಿಸಿಕೊಟ್ಟೆ. ಎಫ್ ಕೀಲಿ ಒತ್ತಿದಾಗ ಎಂದಿನಂತೆ ಒತ್ತಕ್ಷರ ಬಂತು. ಅತ್ತೆ ಮಾತಾಡದೆ ಅರ್ಧ ಪುಟ ಟೈಪ್ ಮಾಡಿ, ಆಮೇಲೆ ಚಹಾ ಮಾಡಲು ಎದ್ದರು. ಫಾಂಟ್‌ಗಳಲ್ಲಿ ಗುಬ್ಬಿ, ನವಿಲು ಎರಡನ್ನೂ ಹಾಕಿದ್ದೇನೆ. ಹಾಡಿಗೆ ನವಿಲು ಒಪ್ಪುತ್ತದೆ ಎಂಬುದು ಅತ್ತೆಯ ಅಭಿಪ್ರಾಯ, ನನ್ನದೂ ಅದೇ.

ಜುಲೈ 20

ನಿಜವಾದ ಕೆಲಸ ಇಂದು ಶುರುವಾಯಿತು. ಹಳೆಯ ಕಡತಗಳನ್ನು ತೆರೆದರೆ ಕನ್ನಡದ ಒಂದಕ್ಷರವೂ ಕಾಣುವುದಿಲ್ಲ. ಕಾರಣ ಸರಳ. ನುಡಿಯ ಈ ಹಳೆಯ ಕಡತಗಳದು ರೂಢಿಯಲ್ಲಿ ಆಸ್ಕಿ ಎನ್ನುವ ಪದ್ಧತಿ, ಅದರಲ್ಲಿ ಕಡತದೊಳಗೆ ಕನ್ನಡ ಇರುವುದೇ ಇಲ್ಲ. ‘ಕನ್ನಡ’ ಎಂಬ ಪದ ಅಲ್ಲಿ ಏಳು ತುಂಡು: ಇಂಗ್ಲಿಷಿನ ಪಿ, ನೆತ್ತಿಯ ಮೇಲೆ ಗೀಟಿರುವ ಎ, ಪೌಂಡ್ ಹಣದ ಗುರುತು, ಮತ್ತೆ ಅದೇ ಎ, ಜರ್ಮನ್ನರ ಒಂದಕ್ಷರ, ಕ್ಯೂ, ಮತ್ತೊಮ್ಮೆ ಎ. ಅವುಗಳಿಗೆ ಕನ್ನಡದ ಆಕಾರ ತೊಡಿಸುವುದು ನುಡಿಯ ಫಾಂಟ್. ಫಾಂಟ್ ಇಲ್ಲದಿದ್ದರೆ ವೇಷವೂ ಇಲ್ಲ. ಯೂನಿಕೋಡ್‌ನಲ್ಲಾದರೆ ಕನ್ನಡಕ್ಕೇ ಮೀಸಲಾದ 128 ಸ್ಥಾನಗಳಿವೆ. ‘ಕ’ ಯಾವ ಫಾಂಟಿನಲ್ಲೂ ಯಾವ ಯಂತ್ರದಲ್ಲೂ ‘ಕ’ವೇ.

ಎಲ್ಲ ಕಡತಗಳನ್ನೂ ಲಿಬ್ರೆಆಫೀಸ್‌ನ ಆದೇಶದಿಂದ ಒಮ್ಮೆಲೇ ಓಡಿಟಿಗೆ ಬದಲಾಯಿಸಿದೆ. ಓಡಿಟಿ ಎಂದರೆ ಒಂದು ಜಿಪ್ ಗಂಟು, ಬಿಚ್ಚಿದರೆ ಒಳಗಿನ ಪಠ್ಯವನ್ನು ಬರಿಗಣ್ಣಿನಿಂದ ಓದಬಹುದು. ಓಡಿಟಿ ಸೇರಿರುವ ಓಡಿಎಫ್ ಕಡತ ಮಾದರಿ 2006ರಿಂದ ಐಎಸ್‌ಒ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಮಾನಕ. ಮುಂದೆ ಯಾರು ಯಾವ ತಂತ್ರಾಂಶ ಬರೆದರೂ ಈ ಕಡತವನ್ನು ಓದುವ ದಾರಿ ತೆರೆದಿರುತ್ತದೆ. ಹಾಡುಗಳಿಗೆ ನಾನು ಇದನ್ನೇ ಆರಿಸಿದ್ದು ಅದಕ್ಕಾಗಿ.

ಆಗಸ್ಟ್ 17

ನುಡಿಯಿಂದ ಯೂನಿಕೋಡ್‌ಗೆ ಪರಿವರ್ತಿಸುವ ಪೈಥಾನ್ ಸ್ಕ್ರಿಪ್ಟ್ (ಸಣ್ಣ ಪ್ರೋಗ್ರಾಂ) ಮೂರು ಸಲ ಬದಲಾಯಿತು. ಮೊದಲ ಸುತ್ತಿನಲ್ಲಿ ‘ಪಾರ್ವತಿ’ ಎಲ್ಲ ಕಡೆ ‘ಪಾವರ್ತಿ’ ಆಗಿ ಬಂದಳು. ಅತ್ತೆ ಕನ್ನಡಕ ಏರಿಸಿ, “ತಮ್ಮಾ, ಹೀಗೆ ಇಟ್ಟರೆ ನಾಳೆ ಯಾರಾದರೂ ಹೀಗೇ ಹಾಡಿಬಿಡುತ್ತಾರೆ” ಎಂದರು. ಆ ಮಾತು ಇಡೀ ವಾರ ತಲೆಯಲ್ಲಿತ್ತು.

ತಪ್ಪಿದ್ದದ್ದು ಅರ್ಕಾವೊತ್ತಿನಲ್ಲಿ. ನುಡಿಯಲ್ಲಿ ಅದು ಕಣ್ಣಿಗೆ ಕಾಣುವ ಕ್ರಮದಲ್ಲಿ, ‘ವ’ ಆದ ಮೇಲೆ ಕೂತಿರುತ್ತದೆ. ಯೂನಿಕೋಡ್ ಉಚ್ಚಾರದ ಕ್ರಮ ಹಿಡಿಯುತ್ತದೆ: ಮೊದಲು ‘ರ್’, ಆಮೇಲೆ ‘ವ’. ಒಂದಕ್ಷರ ಹಿಂದಕ್ಕೆ ಸರಿಸಿದೆ, ಪಾರ್ವತಿ ಸರಿಯಾದಳು, ಆದರೆ ‘ಅರ್ಘ್ಯ’ ಹೋಗಿ ‘ಅಘ್ರ್ಯ’ ಆಯಿತು. ಕೊನೆಗೆ ಒತ್ತು, ಸ್ವರಚಿಹ್ನೆ ಸಮೇತ ಇಡೀ ಅಕ್ಷರವನ್ನು ದಾಟಿ ಹಿಂದೆ ಹೋಗುವಂತೆ ನಿಯಮ ಬರೆದೆ.

ಇನ್ನೊಂದು ತೊಡಕು ಇಂಗ್ಲಿಷ್ ಪದಗಳದ್ದು. ಟೇಪ್ ರೆಕಾರ್ಡಿಂಗಿನ ವಿವರಗಳನ್ನು ಅತ್ತೆ ಅಲ್ಲಲ್ಲಿ ಇಂಗ್ಲಿಷಿನಲ್ಲೇ ಬರೆದಿದ್ದಾರೆ. ಸ್ಕ್ರಿಪ್ಟ್ ಅವನ್ನೂ ಕನ್ನಡವೆಂದು ಬಗೆದು ಕಲಸಿಬಿಟ್ಟಿತು. ಈಗ ಅದು ಪ್ರತಿ ತುಂಡಿನ ಫಾಂಟ್ ಹೆಸರನ್ನು ನೋಡಿ, ನುಡಿ ಇದ್ದರೆ ಮಾತ್ರ ಮುಟ್ಟುತ್ತದೆ.

ಸೆಪ್ಟೆಂಬರ್ 7

214ರಲ್ಲಿ 207 ಮುಗಿದವು. ಉಳಿದ ಏಳು ಕಡತಗಳು ಕೆಟ್ಟಿವೆ, ಅವುಗಳ ಮುದ್ರಿತ ಪ್ರತಿ ಅಟ್ಟದ ಮೇಲಿನ ಟ್ರಂಕಿನಲ್ಲಿ ಸಿಕ್ಕಿತು. ಮತ್ತೆ ಟೈಪ್ ಮಾಡಬೇಕು.

ಹಾಡುಗಳ ಮೊದಲ ಸಾಲುಗಳನ್ನು ಲಿಬ್ರೆಆಫೀಸ್‌ನ ಕೋಷ್ಟಕ ತಂತ್ರಾಂಶವಾದ ಕ್ಯಾಲ್ಕ್‌ಗೆ ಹಾಕಿ ವಿಂಗಡಿಸಿದೆ. ಹಿಂದೆ ಇದೇ ಪಟ್ಟಿಯನ್ನು ವಿಂಗಡಿಸಿದಾಗ ಎರವಲು ಅಕ್ಷರಗಳ ಕ್ರಮ ಬರುತ್ತಿತ್ತು, ಹಾಡುಗಳು ಕನ್ನಡ ವರ್ಣಮಾಲೆಯ ಕ್ರಮದಲ್ಲಿ ನಿಲ್ಲುತ್ತಿರಲಿಲ್ಲ. ಅತ್ತೆ ಅಕಾರಾದಿಯನ್ನು ಕೈಯಿಂದಲೇ ನೋಟ್‌ಬುಕ್ಕಿನಲ್ಲಿ ಮಾಡುತ್ತಿದ್ದರು. ಇಂದು ಅ, ಆ, ಇ, ಈ ತಾನಾಗಿ ಸಾಲಾಗಿ ನಿಂತಿತು. ನೋಟ್‌ಬುಕ್ ಪಕ್ಕದಲ್ಲಿಟ್ಟುಕೊಂಡು ಒಂದೊಂದನ್ನೇ ತಾಳೆ ನೋಡಿದರು. ನೋಟ್‌ಬುಕ್ಕಿನಲ್ಲಿ ಬಿಟ್ಟುಹೋಗಿದ್ದ ಎರಡು ಹಾಡು ಪರದೆಯ ಮೇಲೆ ಸಿಕ್ಕವು.

ಆರತಿ ಹಾಡಿನ ಒಂದು ಸಾಲಿನಲ್ಲಿ ಅತ್ತೆಗೂ ಖಚಿತವಿಲ್ಲದ ಪದವೊಂದಿದೆ. ಟೈಪ್ ಮಾಡುವಾಗಿನ ತಪ್ಪೋ, ಹಳೆಯ ಪದವೋ ತಿಳಿಯದು. ಹಳದಿ ಬಣ್ಣ ಹಚ್ಚಿ ಇಟ್ಟಿದ್ದೇನೆ. ಮುಂದಿನ ಭಾನುವಾರ ಸಿದ್ದಾಪುರದ ಕಡೆ ಇರುವ ಅಜ್ಜಿಯ ಮನೆಗೆ ಇಬ್ಬರೂ ಹೋಗಿ, ಅವರಿಂದಲೇ ಹಾಡಿಸಿ ಕೇಳುವುದೆಂದು ಮಾತಾಗಿದೆ.