ವಾದಿ ಅಲ್ ಹಿತಾನ್‌: ಮರಳುಗಾಡಿನ ತಿಮಿಂಗಿಲಗಳು

ಪಿರಮಿಡ್ ನೋಡಿದ್ದಾಯಿತು. ನೂಕುನುಗ್ಗಲು, ಧೂಳು, ಅದರ ಬಗ್ಗೆ ಬರೆದವರು ಸಾಕಷ್ಟಿದ್ದಾರೆ. ಈಜಿಪ್ಟ್ ಎಂದರೆ ನನಗೀಗ ನೆನಪಾಗುವುದು ಕೈರೋದಿಂದ ಸುಮಾರು 150 ಕಿ.ಮೀ. ದೂರದ ಮರಳುಗಾಡಿನ ಪಳೆಯುಳಿಕೆ ತಾಣ ವಾದಿ ಅಲ್ ಹಿತಾನ್‌ನ ಒಂದು ದವಡೆ.

ಹೋಗುವವರಿಗೊಂದು ಮಾತು. ಫೋರ್ ವೀಲ್ ಡ್ರೈವ್ ಗಾಡಿಯೇ ಬೇಕೆಂದು ಬರಹದಲ್ಲಿ ಒಪ್ಪಿಸಿಕೊಳ್ಳಿ. ಮುಂಗಡ ಪಡೆದ ಏಜೆನ್ಸಿ ನಮಗೆ ಕಳಿಸಿದ್ದು ಸಾದಾ ಕಾರು. ಮರಳಲ್ಲಿ ಚಕ್ರ ಹೂತು, ಬೆಳಗಿನ ತಂಪೆಲ್ಲ ಕಾರು ತಳ್ಳುವುದರಲ್ಲೇ ಹೋಯಿತು.

ಸುಮಾರು 4 ಕೋಟಿ ವರ್ಷಗಳ ಹಿಂದೆ ಇಲ್ಲಿ ಸಮುದ್ರವಿತ್ತು. ಅದರಲ್ಲಿದ್ದ ಬೆಸಿಲೋಸಾರಸ್ ಎಂಬ ತಿಮಿಂಗಿಲಕ್ಕೆ ಪುಟ್ಟ ಹಿಂಗಾಲುಗಳಿದ್ದವು. ಎಲ್ಲರ ಕ್ಯಾಮೆರಾ ಅವುಗಳ ಮೇಲೆಯೇ. ನಮ್ಮ ಗೈಡ್ ಮಾತ್ರ ತಲೆಬುರುಡೆಯ ಮುಂದೆ ನಿಂತುಬಿಟ್ಟರು.

"ಮೊಸಳೆಯ ಹಲ್ಲು ನೋಡಿದ್ದೀರಾ?"

"ಹೆಚ್ಚುಕಡಿಮೆ ಎಲ್ಲ ಒಂದೇ ಥರ ಇರ್ತವೆ."

"ಈಗ ಇದನ್ನು ನೋಡಿ."

ಮುಂದಿನವು ಮೊನಚಾದ ಗೂಟಗಳು. ಹಿಂದಿನವು ಅಗಲ ತ್ರಿಕೋನ, ಅಂಚಿಗೆ ಗರಗಸದಂಥ ಹಲ್ಲುಗಳು. ಬೇಟೆಯನ್ನು ಹಿಡಿಯಲು ಅವು, ಕತ್ತರಿಸಲು ಇವು. ಹಿಂದಿನ ಹಲ್ಲಿಗೆ ಎರಡೆರಡು ಬೇರು. 1834ರಲ್ಲಿ ಅಮೆರಿಕದಲ್ಲಿ ಸಿಕ್ಕ ಇಂಥದೇ ಮೂಳೆಗಳನ್ನು ನೋಡಿದ ಅಲ್ಲಿನ ವಿಜ್ಞಾನಿ ರಿಚರ್ಡ್ ಹಾರ್ಲನ್ ಇದನ್ನು ಸಮುದ್ರದ ಸರೀಸೃಪ ಎಂದುಕೊಂಡಿದ್ದರು. ಕೆಲವೇ ವರ್ಷಗಳಲ್ಲಿ ಇಂಗ್ಲೆಂಡಿನ ವಿಜ್ಞಾನಿ ರಿಚರ್ಡ್ ಓವನ್ ಹಲ್ಲುಗಳನ್ನು ಪರೀಕ್ಷಿಸಿ, ಇದು ಸಸ್ತನಿ ಎಂದರು. ಬಗೆಬಗೆಯ ಹಲ್ಲು, ಎರಡೆರಡು ಬೇರು ಸಸ್ತನಿಯ ಲಕ್ಷಣ.

"ಹಾಗಾದರೆ ಡಾಲ್ಫಿನ್‌ಗೆ ಯಾಕೆ ಎಲ್ಲ ಹಲ್ಲೂ ಒಂದೇ ಥರ?" ಎಂದೆ.

"ಮೀನು ಹಿಡಿದು ಇಡಿಯಾಗಿ ನುಂಗುವವರಿಗೆ ಕತ್ತರಿ ಯಾಕೆ?" ಎಂದು ನಕ್ಕರು.

ನಾನು ಅಲ್ಲೇ ನಿಂತೆ. ನೆಲದಿಂದ ನೀರಿಗಿಳಿದ ಸಸ್ತನಿಯ ವಂಶವೊಂದು ಬಗೆಬಗೆಯ ಹಲ್ಲುಗಳನ್ನು ಬಿಟ್ಟುಕೊಟ್ಟು, ಎಂದೋ ಅಳಿದ ಇಕ್ತಿಯೋಸಾರ್ ಎಂಬ ಸಮುದ್ರದ ಸರೀಸೃಪಗಳಂತೆ ಸಾಲು ಗೂಟಗಳಿಗೆ ಬಂದು ನಿಂತಿದೆ. ನೀಲಿ ತಿಮಿಂಗಿಲದ ಬಳಗ ಇನ್ನೂ ಮುಂದೆ ಹೋಯಿತು: ಭ್ರೂಣದಲ್ಲಿ ಹಲ್ಲಿನ ಮೊಳಕೆ ಕಾಣಿಸಿಕೊಂಡು ಕರಗಿ ಹೋಗುತ್ತದೆ; ಆಮೇಲೆ ಮೇಲ್ದವಡೆಯಿಂದ ಇಳಿಯುವುದು ನಮ್ಮ ಉಗುರಿನದೇ ವಸ್ತುವಾದ ಕೆರಾಟಿನ್ನಿನ ಜರಡಿ. ಬೆಸಿಲೋಸಾರಸ್‌ನ ಬಾಯಲ್ಲಿ ಮಾತ್ರ ಗೂಟವೂ ಕತ್ತರಿಯೂ ಒಟ್ಟಿಗಿವೆ.

ಆ ಕತ್ತರಿಗೆ ಕೆಲಸವೂ ಇತ್ತು. ಇಲ್ಲೇ ಸಿಕ್ಕ ಒಂದು ಅಸ್ಥಿಪಂಜರದ ಹೊಟ್ಟೆಯ ಜಾಗದಲ್ಲಿ ಮೀನುಗಳ ಜೊತೆ ಡೊರುಡಾನ್ ಎಂಬ ಚಿಕ್ಕ ತಿಮಿಂಗಿಲದ ಮರಿಗಳ ಮೂಳೆಗಳೂ ಇದ್ದವು ಎಂದು 2019ರಲ್ಲಿ ವರದಿಯಾಗಿದೆ. ಮರಿಗಳ ತಲೆಬುರುಡೆಗಳ ಮೇಲೆ ಕಚ್ಚಿದ ಗುರುತುಗಳಿವೆ. ಹಿಂಗಾಲಿನ ಫೋಟೊ ತೆಗೆಯುವವರು ಇದನ್ನು ಕೇಳಿಸಿಕೊಳ್ಳದೆ ಮುಂದೆ ಹೋಗಿದ್ದರು.