ನಿರಾಶ್ರಿತ ಮಗುವಿನ ಶಾಲೆ: ಒಂದೇ ಕಾಯ್ದೆ, ಹಲವು ನ್ಯಾಯ

2021ರ ಫೆಬ್ರವರಿಯಲ್ಲಿ ಮ್ಯಾನ್ಮಾರ್‌ನ ಸೇನೆ ಅಧಿಕಾರವನ್ನು ಕಸಿದುಕೊಂಡ ಮೇಲೆ ಅಲ್ಲಿನ ಚಿನ್ ರಾಜ್ಯದ ಸಾವಿರಾರು ಜನ ಗಡಿ ದಾಟಿ ಮಿಜೋರಾಂಗೆ ಬಂದರು. ಮಾರ್ಚ್ ತಿಂಗಳಲ್ಲಿ ಕೇಂದ್ರ ಗೃಹ ಸಚಿವಾಲಯವು ಈಶಾನ್ಯದ ಗಡಿ ರಾಜ್ಯಗಳಿಗೆ ಪತ್ರ ಬರೆದು, ಒಳಬರುವವರನ್ನು ತಡೆಯಬೇಕೆಂದೂ ಯಾರಿಗೂ ನಿರಾಶ್ರಿತರ ಸ್ಥಾನಮಾನ ಕೊಡುವ ಅಧಿಕಾರ ರಾಜ್ಯಗಳಿಗಿಲ್ಲವೆಂದೂ ತಿಳಿಸಿತು. ಆಗಿನ ಮುಖ್ಯಮಂತ್ರಿ ಜೋರಾಮ್‌ಥಾಂಗಾ ಅವರು ಪ್ರಧಾನಿಯವರಿಗೆ ಪತ್ರ ಬರೆದು, ಗಡಿಯಾಚೆಯ ಈ ಜನ ಮಿಜೋಗಳ ರಕ್ತಸಂಬಂಧಿಗಳು, ಅವರ ಸಂಕಟವನ್ನು ನೋಡಿಯೂ ನೋಡದಂತಿರಲು ತಮಗೆ ಸಾಧ್ಯವಿಲ್ಲ ಎಂದರು. ಅದೇ ವರ್ಷ ಮಿಜೋರಾಂನ ಶಾಲಾ ಶಿಕ್ಷಣ ಇಲಾಖೆ ತನ್ನ ಅಧಿಕಾರಿಗಳಿಗೆ ಒಂದು ಸೂಚನೆ ಕಳಿಸಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 6ರಿಂದ 14 ವರ್ಷದ ಮಕ್ಕಳಿಗೆ ವಯಸ್ಸಿಗೆ ತಕ್ಕ ತರಗತಿಯಲ್ಲಿ ಪ್ರವೇಶ ಪಡೆಯುವ ಹಕ್ಕಿರುವುದರಿಂದ, ವಲಸೆ ಬಂದ ಮತ್ತು ನಿರಾಶ್ರಿತರಾದ ಮಕ್ಕಳನ್ನೂ ಸರ್ಕಾರಿ ಶಾಲೆಗಳಿಗೆ ಸೇರಿಸಿಕೊಳ್ಳಿ ಎಂಬುದು ಅದರ ಸಾರ.

ನಿರಾಶ್ರಿತರ ಶಿಕ್ಷಣದ ಬಗ್ಗೆ ಓದುತ್ತ ಬಂದಂತೆ ಈ ಸೂಚನೆ ನನಗೆ ಹೆಚ್ಚು ಹೆಚ್ಚು ಮಹತ್ವದ್ದಾಗಿ ಕಾಣತೊಡಗಿದೆ. ಇಲಾಖೆ ಅದಕ್ಕಾಗಿ ಹೊಸ ನೀತಿಯನ್ನಾಗಲಿ ವಿಶೇಷ ಯೋಜನೆಯನ್ನಾಗಲಿ ರೂಪಿಸಲಿಲ್ಲ. ಇದ್ದ ಕಾಯ್ದೆಯನ್ನು ಇದ್ದಂತೆಯೇ ಓದಿತು. ಸಂವಿಧಾನದ 19ನೇ ವಿಧಿಯ ಸ್ವಾತಂತ್ರ್ಯಗಳು ನಾಗರಿಕರಿಗೆ ಮಾತ್ರ ಸೇರಿದವು, ಆದರೆ 21ಎ ವಿಧಿ 6ರಿಂದ 14 ವರ್ಷದ ಎಲ್ಲ ಮಕ್ಕಳಿಗೂ ಉಚಿತ ಮತ್ತು ಕಡ್ಡಾಯ ಶಿಕ್ಷಣ ಕೊಡಬೇಕೆಂದು ಹೇಳುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯೂ ನೆರೆಹೊರೆಯ ಶಾಲೆಯ ಹಕ್ಕನ್ನು ಕೊಡುವಾಗ ಮಗುವಿನ ಪೌರತ್ವವನ್ನು ಕೇಳುವುದಿಲ್ಲ, ಮತ್ತು ವಯಸ್ಸಿನ ದಾಖಲೆ ಇಲ್ಲವೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸಬಾರದೆಂದು ಅದರ 14ನೇ ಸೆಕ್ಷನ್ ಸ್ಪಷ್ಟವಾಗಿ ಹೇಳುತ್ತದೆ.

ಇದೇ ಕಾಯ್ದೆ ದೆಹಲಿಯಲ್ಲಿಯೂ ಜಾರಿಯಲ್ಲಿದೆ. ಅದೇ ಮ್ಯಾನ್ಮಾರ್‌ನ ಇನ್ನೊಂದು ಭಾಗದಿಂದ ಓಡಿಬಂದ ರೊಹಿಂಗ್ಯಾ ಕುಟುಂಬಗಳ ಮಕ್ಕಳು ಅಲ್ಲಿ ಆಧಾರ್ ಇಲ್ಲ, ಬ್ಯಾಂಕ್ ಖಾತೆ ಇಲ್ಲ ಎಂಬ ಕಾರಣಕ್ಕೆ ಶಾಲೆಯ ಹೊರಗುಳಿದಾಗ, ವಿಷಯ ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು. 2024ರ ಅಕ್ಟೋಬರ್‌ನಲ್ಲಿ ದೆಹಲಿ ಹೈಕೋರ್ಟ್, ಇದು ಭದ್ರತೆ ಮತ್ತು ಪೌರತ್ವಕ್ಕೆ ಸಂಬಂಧಿಸಿದ ವಿಷಯವಾದ್ದರಿಂದ ಗೃಹ ಸಚಿವಾಲಯಕ್ಕೆ ಮನವಿ ಸಲ್ಲಿಸಿ ಎಂದು ಹೇಳಿ ಅರ್ಜಿಯನ್ನು ಮುಂದುವರಿಸಲು ಒಪ್ಪಲಿಲ್ಲ. 2025ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್, ಮಕ್ಕಳು ಮೊದಲು ಸರ್ಕಾರಿ ಶಾಲೆಗಳಿಗೆ ಅರ್ಜಿ ಹಾಕಲಿ, ಅರ್ಹರಾಗಿದ್ದೂ ನಿರಾಕರಿಸಿದರೆ ಹೈಕೋರ್ಟ್‌ಗೆ ಹೋಗಲಿ ಎಂದಿತು. ಬಾಗಿಲು ಪೂರ್ತಿ ಮುಚ್ಚಲಿಲ್ಲ ಎಂಬುದು ಸಮಾಧಾನದ ಸಂಗತಿಯೇ. ಆದರೆ ಪ್ರವೇಶ ಸಿಗದ ಪ್ರತಿ ಮಗುವಿನ ತಂದೆತಾಯಿ ಹೈಕೋರ್ಟ್‌ವರೆಗೆ ಹೋಗಬೇಕೆನ್ನುವುದು, ಚಿಂದಿ ಆಯ್ದು ಬದುಕುವವರ ಪಾಲಿಗೆ ಹಕ್ಕೇ ಇಲ್ಲವೆಂದು ಹೇಳಿದಂತೆಯೇ ಆಗುತ್ತದೆ.

ಮಿಜೋರಾಂನ ರಾಜಧಾನಿ ಐಜ್ವಾಲ್‌ಗೂ ದೆಹಲಿಗೂ ನಡುವಿನ ಈ ಅಂತರ ಕಾನೂನಿನಿಂದ ಹುಟ್ಟಿದ್ದಲ್ಲ. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ನಿರಾಶ್ರಿತರಿಗಾಗಿ ನಮ್ಮದೇ ಆದ ಪ್ರತ್ಯೇಕ ಕಾಯ್ದೆಯೂ ಇಲ್ಲ. ಹಾಗಾಗಿ ಬಂದವರು ಯಾರು, ಅವರ ಭಾಷೆ ಮತ್ತು ಧರ್ಮ ಯಾವುದು, ಅವರನ್ನು ಓಡಿಸಿದ ದೇಶದೊಂದಿಗೆ ನಮ್ಮ ಸಂಬಂಧ ಹೇಗಿದೆ ಎಂಬುದರ ಮೇಲೆ ಅವರ ಮಕ್ಕಳ ಶಾಲೆ ನಿರ್ಧಾರವಾಗುತ್ತದೆ.

ಸರ್ಕಾರ ಮನಸ್ಸು ಮಾಡಿದರೆ ಏನಾಗಬಹುದು ಎಂಬುದಕ್ಕೆ ಕರ್ನಾಟಕದಲ್ಲೇ ಉದಾಹರಣೆಯಿದೆ. 1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದ ಮೇಲೆ, ಟಿಬೆಟನ್ನರಿಗೆ ನೆಲೆ ಕೊಡಬೇಕೆಂಬ ನೆಹರೂ ಅವರ ಕೋರಿಕೆಗೆ ಉದಾರವಾಗಿ ಒಪ್ಪಿದವರಲ್ಲಿ ಎಸ್. ನಿಜಲಿಂಗಪ್ಪನವರು ಪ್ರಮುಖರು. ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕಾಡುಭೂಮಿಯನ್ನು ಬಿಟ್ಟುಕೊಡಲಾಯಿತು. ಮುಂದೆ ಮುಂಡಗೋಡ, ಹುಣಸೂರು, ಕೊಳ್ಳೇಗಾಲದ ಒಡೆಯರಪಾಳ್ಯಗಳಲ್ಲಿಯೂ ವಸತಿಗಳಾದವು. ಮಕ್ಕಳು ತಮ್ಮ ಭಾಷೆಯನ್ನೂ ಸಂಸ್ಕೃತಿಯನ್ನೂ ಕಳೆದುಕೊಳ್ಳಬಾರದು, ಆದರೆ ಆಧುನಿಕ ಶಿಕ್ಷಣವೂ ಬೇಕು ಎಂಬ ದಲೈ ಲಾಮಾ ಅವರ ಕೇಳಿಕೆಯನ್ನು ನೆಹರೂ ಒಪ್ಪಿದ್ದರಿಂದ, 1961ರಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯದಡಿಯಲ್ಲಿ ಟಿಬೆಟನ್ ಶಾಲೆಗಳಿಗಾಗಿಯೇ ಒಂದು ಸ್ವಾಯತ್ತ ಸಂಸ್ಥೆ ರೂಪುಗೊಂಡಿತು. ಶಾಲೆ ಪ್ರತ್ಯೇಕವಾಗಿದ್ದರೂ ಪಠ್ಯ ಮತ್ತು ಪರೀಕ್ಷೆ ಸಿಬಿಎಸ್‌ಇಯದು. ಚೀನಾದೊಂದಿಗಿನ ವೈಮನಸ್ಯ ಈ ಔದಾರ್ಯದ ಹಿಂದೆ ಇರಲಿಲ್ಲವೆಂದು ಹೇಳಲಾಗದು. ಆದರೂ ಫಲ ದೊಡ್ಡದೇ: ಕಾಡು ಕಡಿದು, ರಸ್ತೆಗೆ ಕಲ್ಲು ಹೊತ್ತು ಬದುಕಿದವರ ಮಕ್ಕಳು ಒಂದೇ ತಲೆಮಾರಿನಲ್ಲಿ ದಾದಿಯರಾದರು, ಶಿಕ್ಷಕರಾದರು. 2013ರಿಂದೀಚೆಗೆ ಈ ಶಾಲೆಗಳು ಹಂತಹಂತವಾಗಿ ಭಾರತದಲ್ಲಿ ನೆಲೆಸಿರುವ ದೇಶಭ್ರಷ್ಟ ಟಿಬೆಟನ್ ಆಡಳಿತದ ಕೈಗೇ ಬಂದಿವೆ. ನೆರೆಯ ಊರುಗಳ ಭಾಷೆಯಾದ ಕನ್ನಡ ಆ ಪಠ್ಯದ ಕೇಂದ್ರದಲ್ಲಿ ಎಂದೂ ಇರಲಿಲ್ಲ ಎಂಬುದು ನನಗೆ ಈಗಲೂ ಒಂದು ಕೊರತೆಯಾಗಿಯೇ ತೋರುತ್ತದೆ.

ಪ್ರತ್ಯೇಕ ಶಾಲೆ ಎಂದಾಕ್ಷಣ ಅದನ್ನು ತಾರತಮ್ಯವೆಂದು ತಳ್ಳಿಹಾಕಬಾರದು ಎಂಬುದನ್ನು ನಾನು ಬೈಲಕುಪ್ಪೆಯ ಚರಿತ್ರೆಯಿಂದ ಕಲಿತೆ. ಬಾಂಗ್ಲಾದೇಶದ ಕಾಕ್ಸ್ ಬಜಾರ್‌ನಲ್ಲಿಯೂ ರೊಹಿಂಗ್ಯಾ ಮಕ್ಕಳಿಗೆ ಪ್ರತ್ಯೇಕ ಕಲಿಕಾ ಕೇಂದ್ರಗಳಿವೆ. 2017ರಲ್ಲಿ ಏಳು ಲಕ್ಷಕ್ಕೂ ಹೆಚ್ಚು ಜನ ಬಂದಾಗ, ಅವರು ಇಲ್ಲಿಯೇ ಉಳಿದುಬಿಡುತ್ತಾರೆಂಬ ಅಂಜಿಕೆಯಿಂದ ಬಾಂಗ್ಲಾದೇಶವು ತನ್ನ ರಾಷ್ಟ್ರೀಯ ಪಠ್ಯವನ್ನು ಅವರಿಗೆ ಕಲಿಸಗೊಡಲಿಲ್ಲ. 2021ರ ಕೊನೆಯಲ್ಲಿ ಮ್ಯಾನ್ಮಾರ್‌ನ ಪಠ್ಯ ಬಂದಿತಾದರೂ, ಅಲ್ಲಿ ಓದಿದ ಮಗುವಿಗೆ ಬಾಂಗ್ಲಾದೇಶವೂ ಮ್ಯಾನ್ಮಾರೂ ಮಾನ್ಯ ಮಾಡುವ ಪ್ರಮಾಣಪತ್ರ ಸಿಗುವಂತಾಗಲಿಲ್ಲ. ಬೈಲಕುಪ್ಪೆಯ ಮಗು ಹತ್ತನೇ ತರಗತಿ ಮುಗಿಸಿದಾಗ ಅದರ ಕೈಯಲ್ಲಿ ದೇಶದ ಯಾವ ಕಾಲೇಜಾದರೂ ಒಪ್ಪುವ ಅಂಕಪಟ್ಟಿ ಇರುತ್ತಿತ್ತು. ಬೇರೆ ಕಟ್ಟಡ, ಬೇರೆ ಮಾಧ್ಯಮ ಎಂಬುದಕ್ಕಿಂತ ಯಾವ ಮಂಡಳಿಯ ಪರೀಕ್ಷೆ ಬರೆಯಲು ಬಿಡುತ್ತಾರೆ ಎಂಬುದರಲ್ಲಿಯೇ ಆತಿಥೇಯ ದೇಶದ ನಿಜವಾದ ಉದ್ದೇಶ ಕಾಣುತ್ತದೆ.

ಅಂಕಪಟ್ಟಿಗೂ ಒಂದು ಎಲ್ಲೆಯಿದೆ. 1983ರ ನಂತರ ತಮಿಳುನಾಡಿಗೆ ಬಂದ ಶ್ರೀಲಂಕಾ ತಮಿಳರ ಮಕ್ಕಳು ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ, ತಮ್ಮದೇ ಭಾಷೆಯಲ್ಲಿ, ಸ್ಥಳೀಯ ಮಕ್ಕಳ ಪಕ್ಕದಲ್ಲಿ ಕೂತು ಓದಿದರು. 1991ರಲ್ಲಿ ರಾಜೀವ್ ಗಾಂಧಿಯವರ ಹತ್ಯೆಯಾದ ಮೇಲೆ ಈ ಸೌಲಭ್ಯಕ್ಕೆ ಕೆಲಕಾಲ ತಡೆ ಬಿತ್ತು. ಹತ್ಯೆಗೂ ಆ ಮಕ್ಕಳಿಗೂ ಯಾವ ಸಂಬಂಧವೂ ಇರಲಿಲ್ಲ. ಇಂದು ಅವರಲ್ಲಿ ಅನೇಕ ಪದವೀಧರರಿದ್ದಾರೆ, ಆದರೆ ಪೌರತ್ವವಿಲ್ಲದ್ದರಿಂದ ಸರ್ಕಾರಿ ಉದ್ಯೋಗ ಅವರಿಗಿಲ್ಲ.

ನಮ್ಮ ಮಕ್ಕಳಿಗೇ ಶಿಕ್ಷಕರಿಲ್ಲ, ಕೊಠಡಿಗಳಿಲ್ಲ, ಇನ್ನು ಹೊರಗಿನವರಿಗೆ ಎಲ್ಲಿಂದ ತರುವುದು ಎಂಬ ಮಾತನ್ನು ನಾನು ಅಲಕ್ಷಿಸುವುದಿಲ್ಲ, ಏಕೆಂದರೆ ಸರ್ಕಾರಿ ಶಾಲೆಗಳ ಸ್ಥಿತಿ ಹಲವೆಡೆ ಹಾಗೆಯೇ ಇದೆ. ಆದರೆ ಒಂದು ಬಡಾವಣೆಯ ಹತ್ತಾರು ಮಕ್ಕಳನ್ನು ಹೊರಗಿಟ್ಟರೆ ಶಿಕ್ಷಕರ ಖಾಲಿ ಹುದ್ದೆಗಳು ತುಂಬುವುದಿಲ್ಲ. ಹಾಜರಾತಿ ಕುಸಿದು ಮುಚ್ಚುವ ಭಯದಲ್ಲಿರುವ ಶಾಲೆಗಳಿಗಂತೂ ಈ ಮಕ್ಕಳಿಂದ ಲಾಭವೇ. ಶಾಲೆಗೆ ಸೇರಿಸಿದರೆ ಪೌರತ್ವ ಕೊಟ್ಟಂತಾಗುತ್ತದೆ ಎಂಬ ಭಯಕ್ಕೆ ಕಾನೂನಿನಲ್ಲಿ ಆಧಾರವಿಲ್ಲ. ದಶಕಗಳ ಕಾಲ ಇಲ್ಲಿಯೇ ಓದಿದ ಟಿಬೆಟನ್ನರಿಗೂ ಆ ಕಾರಣದಿಂದ ಪೌರತ್ವ ಸಿಗಲಿಲ್ಲ; ಭಾರತದಲ್ಲಿ 1950ರ ಜನವರಿ 26 ಮತ್ತು 1987ರ ಜುಲೈ 1ರ ನಡುವೆ ಹುಟ್ಟಿದವರನ್ನು ಕರ್ನಾಟಕ ಹೈಕೋರ್ಟ್ 2013ರಲ್ಲಿ ನಾಗರಿಕರೆಂದು ಒಪ್ಪಿದ್ದು ಹುಟ್ಟಿನ ಆಧಾರದ ಮೇಲೆ.

ಬೆಂಗಳೂರಿನ ಹೊರವಲಯದ ಗುಡಿಸಲುಗಳಲ್ಲಿಯೂ ರೊಹಿಂಗ್ಯಾ ಕುಟುಂಬಗಳಿವೆ. ಮಿಜೋರಾಂ ಕಳಿಸಿದಂಥ ಸುತ್ತೋಲೆಯೊಂದನ್ನು ನಮ್ಮ ಶಿಕ್ಷಣ ಇಲಾಖೆ ಹೊರಡಿಸುವುದಕ್ಕೆ ಹೊಸ ಶಾಸನವೇನೂ ಬೇಕಿಲ್ಲ. ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿಯೇ ಶಾಲಾ ಪ್ರವೇಶಕ್ಕೆ ಆಧಾರ್ ಕಡ್ಡಾಯವಲ್ಲವೆಂದು ಹೇಳಿದೆ. ಆಧಾರ್ ಇಲ್ಲದ, ಜನನ ಪ್ರಮಾಣಪತ್ರವಿಲ್ಲದ, ಹಿಂದಿನ ಶಾಲೆಯ ಟಿ.ಸಿ. ಇಲ್ಲದ ಮಗುವನ್ನು ಪೋಷಕರ ಘೋಷಣೆಯ ಮೇಲೆ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು, ಕನ್ನಡ ಬಾರದ ಮಗುವಿಗೆ ಕಾಯ್ದೆಯ 4ನೇ ಸೆಕ್ಷನ್ ಹೇಳುವ ವಿಶೇಷ ತರಬೇತಿ ಕೊಡಬೇಕು, ಶಾಲೆಯ ದಾಖಲೆಗಳನ್ನು ಪೊಲೀಸರ ಗುರುತು ಪತ್ತೆಯ ಕೆಲಸಕ್ಕೆ ಬಳಸಬಾರದು, ಮತ್ತು ಕಾಯ್ದೆಯ ರಕ್ಷಣೆ ಎಂಟನೇ ತರಗತಿಗೆ ಮುಗಿದರೂ ಮಗು ಎಸ್‌ಎಸ್‌ಎಲ್‌ಸಿ ಪರೀಕ್ಷೆ ಬರೆಯುವವರೆಗೆ ಹೆಸರು ತೆಗೆಯಬಾರದು ಎಂದು ಆ ಸುತ್ತೋಲೆಯಲ್ಲಿ ಬರೆದು, ಅದು ಪ್ರತಿಯೊಬ್ಬ ಮುಖ್ಯೋಪಾಧ್ಯಾಯರ ಕೈ ಸೇರುವಂತೆ ಮಾಡಬೇಕೆಂಬುದು ನನ್ನ ಒತ್ತಾಯ.